ಹೊಗೆಗೂಡು ಇಳಿಸಿದ ಚಳಿಗಾಲ

ಉದಕಮಂಡಲದ ಹಳೆಯ ಬಂಗಲೆಗಳನ್ನು ಎದುರುಗುಡ್ಡದಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೆಂಪು ಹಂಚಿನ ಮಾಡಲ್ಲ; ಆ ಮಾಡನ್ನು ಸೀಳಿಕೊಂಡು ತಲೆಯೆತ್ತಿ ನಿಂತ ಹೊಗೆಗೂಡು. ಚಿಕ್ಕ ಮನೆಗಳಿಗೆ ಒಂದು, ದೊಡ್ಡ ಮನೆಗಳಿಗೆ ಮೂರು ನಾಲ್ಕು. ಈಗ ಅವುಗಳಿಂದ ಹೊಗೆಯೇಳುವುದು ಅಪರೂಪ. ಅಡುಗೆಮನೆಗೆ ಗ್ಯಾಸು ಬಂದು, ಕೋಣೆಗೆ ವಿದ್ಯುತ್ ಹೀಟರು ಬಂದು, ಸೌದೆಯ ಬೆಲೆ ಕೈಗೆಟುಕದಂತಾಗಿ, ಹೊಗೆಗೂಡುಗಳು ಮನೆಯ ತಲೆಯ ಮೇಲೆ ಸುಮ್ಮನೆ ನಿಂತಿವೆ. ಸುಮ್ಮನೆ ನಿಂತಿವೆಯೆಂದು ನಾವು ತಿಳಿದುಕೊಂಡಿದ್ದೇವೆ ಅಷ್ಟೆ. ಕೆಲಸ ತಪ್ಪಿದ ಹೊಗೆಗೂಡು ನಿರುಪದ್ರವಿಯಲ್ಲವೆಂಬುದನ್ನು ನಮ್ಮ ಮನೆಯಲ್ಲಿ ನಾವು ಬಹಳ ತಡವಾಗಿ, ಬಹಳ ಹೆದರಿ ಕಲಿತೆವು. 2024ರ ಜನವರಿಯಲ್ಲಿ ಅದನ್ನು ಇಳಿಸಿ ಮಾಡಿನ ತೂತನ್ನು ಮುಚ್ಚಿದ ಹನ್ನೊಂದು ದಿನಗಳ ವೃತ್ತಾಂತವನ್ನೂ, ಅದಕ್ಕೆ ಕಾರಣವಾದ ನನ್ನದೇ ಒಂದು ಅವಿವೇಕವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಮನೆಗಳಲ್ಲಿ ವಾಸವಾಗಿರುವ ವಾಚಕರಿಗೆ ಇದರಿಂದ ಒಂದೆರಡು ಸಂಗತಿಗಳಾದರೂ ಪ್ರಯೋಜನಕ್ಕೆ ಬಂದಾವು.

ಹೊಗೆಗೂಡು ನಮ್ಮ ನೆಲದ ಪದಾರ್ಥವಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟವನ್ನೇರಿ, 1822ರಲ್ಲಿ ಊಟಿಯ ‘ಕಲ್ಲುಬಂಗಲೆ’ಯ ಕೆಲಸವನ್ನು ಆರಂಭಿಸಿದ ತರುವಾಯ ಒಬ್ಬರ ಹಿಂದೊಬ್ಬರಂತೆ ಬಂದ ಆಂಗ್ಲರು ತಮ್ಮೊಡನೆ ತಮ್ಮ ದೇಶದ ಮನೆಯ ನಕ್ಷೆಯನ್ನೂ ಹೊತ್ತು ತಂದರು. ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಬೆಂಕಿ, ಬೆಂಕಿಯ ಮೇಲೆ ಮಾಡಿನಾಚೆಗೆ ಸಾಗುವ ಹೊಗೆನಾಳ. ಸಮುದ್ರಮಟ್ಟಕ್ಕಿಂತ ಸುಮಾರು 7,350 ಅಡಿ ಮೇಲಿರುವ, ಜನವರಿಯ ಬೆಳಗಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಕಾಣುವ ಈ ಊರಿಗೆ ಆ ನಕ್ಷೆ ಒಗ್ಗಿತೆಂದೇ ಹೇಳಬೇಕು.

ನಮ್ಮವರು ಹೊಗೆಯನ್ನು ಹೊರಗೆ ಕಳುಹಿಸಿದ ಬಗೆಗಳೇ ಬೇರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಬೆಳಕನ್ನು ಒಳಗೆ ಬಿಡುವ ಬೆಳಕಿಂಡಿಯೇ ಹೊಗೆಯನ್ನು ಹೊರಗೂ ಬಿಡುತ್ತಿತ್ತು. ಕಾಸರಗೋಡಿನ ಕಡೆಯಲ್ಲಾದರೋ ಅಡುಗೆಮನೆಯ ಹೊಗೆ ಅಟ್ಟಕ್ಕೇರಿ, ಅಲ್ಲಿಟ್ಟ ಮಳೆಗಾಲದ ಸೌದೆಯನ್ನೂ ತೆಂಗಿನಕಾಯಿಯನ್ನೂ ಬೆಚ್ಚಗಿಟ್ಟು, ತೊಲೆ ಜಂತಿಗಳಿಗೆ ಹುಳ ಹಿಡಿಯದಂತೆ ಕಾಪಾಡಿ, ಕೊನೆಗೆ ಹಂಚಿನ ಸಂದುಗಳಿಂದ ನಿಧಾನವಾಗಿ ಹೊರಟುಹೋಗುತ್ತಿತ್ತು. ಆ ಮನೆಗಳಲ್ಲಿ ಹೊಗೆಯೂ ಒಬ್ಬ ಆಳಿನಂತೆ ದುಡಿದು ಹೋಗುತ್ತಿತ್ತು. ಆಂಗ್ಲರ ಹೊಗೆಗೂಡಿಗೆ ಅಂತಹ ದಾಕ್ಷಿಣ್ಯವಿಲ್ಲ. ಹುಟ್ಟಿದ ಕ್ಷಣವೇ ಹೊಗೆಯನ್ನು ಎಳೆದು ಆಚೆಗೆ ನೂಕುತ್ತದೆ. ಹಾಗೆಯೇ, ಬೆಂಕಿಯಾರಿದ ಮೇಲೆ, ಮಳೆಯನ್ನು ಒಳಗೆ ಕರೆಯುತ್ತದೆ.

ಅದು ಹುಟ್ಟಿದ ದೇಶದಲ್ಲಿ ಅನೇಕ ಕಡೆ ಅದರ ಜೊತೆಗಾರ ಸ್ಲೇಟುಕಲ್ಲಿನ ಮಾಡು. ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಸ್ಲೇಟಿನ ಜಾತಿಯ ಕಲ್ಲೇ ಅದು. ಪದರಪದರವಾಗಿ ಸೀಳಿ, ತೆಳ್ಳನೆಯ ಬಿಲ್ಲೆಗಳನ್ನಾಗಿ ಮಾಡಿ, ಮೀನಿನ ಪೊರೆಯಂತೆ ಒಂದರ ಮೇಲೊಂದು ಹೊದಿಸುತ್ತಾರೆ. ವಾಯವ್ಯ ವೇಲ್ಸಿನ ಸ್ಲೇಟುಗಣಿಗಳ ಪ್ರದೇಶವನ್ನು 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿಯೂ ಹಿಮಾಚಲದ ಕಾಂಗಡಾ, ಚಂಬಾ ಸೀಮೆಗಳಲ್ಲಿ ಸ್ಲೇಟಿನ ಮಾಡುಗಳುಂಟು. ಸ್ಲೇಟು ನೂರು ವರ್ಷಕ್ಕೂ ಮಿಕ್ಕಿ ಬಾಳಬಲ್ಲುದು. ಮೊದಲು ಸಾಯುವುದು ಅದನ್ನು ಹಿಡಿದ ಕಬ್ಬಿಣದ ಮೊಳೆ. ಬಿಲ್ಲೆಯ ಮೊಳೆ ಮೇಲಿನ ಸಾಲಿನ ಅಡಿಯಲ್ಲಿ ಅಡಗಿರುವುದರಿಂದ, ಒಡೆದುದೊಂದನ್ನು ತೆಗೆಯಲು ಚಪ್ಪಟೆಯಾದ ಉದ್ದನೆಯ ಕೊಕ್ಕೆಯನ್ನು ಒಳಗೆ ತೂರಿಸಿ ಮೊಳೆಯನ್ನು ಕೀಳಬೇಕು. ಹೊಸ ಬಿಲ್ಲೆಗೆ ಮೊಳೆ ಹೊಡೆಯಲು ಜಾಗವೆಲ್ಲಿ? ಆದುದರಿಂದ ಸೀಸದ ಅಥವಾ ತಾಮ್ರದ ಸಣ್ಣ ಪಟ್ಟಿಯೊಂದನ್ನು ಮೊದಲೇ ಹೊಡೆದು, ಬಿಲ್ಲೆಯನ್ನು ಜಾರಿಸಿ, ಪಟ್ಟಿಯ ತುದಿಯನ್ನು ಮೇಲಕ್ಕೆ ಮಡಿಸಿ ಹಿಡಿಸುತ್ತಾರೆ. ಮಾಡಿನ ಮೇಲೆ ಬಿಸಿಲಿಗೆ ಹೊಳೆಯುವ ಇಂತಹ ಪಟ್ಟಿಗಳನ್ನು ಎಣಿಸಿದರೆ ಎಷ್ಟು ಸಲ ರಿಪೇರಿಯಾಗಿದೆಯೆಂದು ರಸ್ತೆಯಲ್ಲಿ ಹೋಗುವವರಿಗೂ ತಿಳಿಯುತ್ತದಂತೆ!

ನೀಲಗಿರಿಯ ಮನೆಗಳಿಗೆ ಹೊದಿಕೆಯಾಗಿ ಹೆಚ್ಚಾಗಿ ಒದಗಿದ್ದು ಸ್ಲೇಟಲ್ಲ, ಮಂಗಳೂರು ಹಂಚು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದರ ಅಂಚು ಇನ್ನೊಂದರ ಗಾಡಿಯೊಳಗೆ ಕೂರುವ ಈ ಬಗೆಯ ಹಂಚನ್ನು ಫ್ರಾನ್ಸಿನ ಗಿಲಾರ್ದೊನಿ ಸಹೋದರರು 1841ರಲ್ಲಿಯೇ ರೂಪಿಸಿದ್ದರು. ಬೆಟ್ಟದ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಬಂದ ಮೇಲೆ ಭಾರವಾದ ಸಾಮಾನುಗಳನ್ನು ಮೇಲಕ್ಕೆ ತರುವುದು ಸುಲಭವಾಯಿತು. ಹೀಗೆ ಕನ್ನಡ ಕರಾವಳಿಯ ಜೇಡಿಮಣ್ಣು ಆಂಗ್ಲ ನಮೂನೆಯ ಹೊಗೆಗೂಡಿನ ಸುತ್ತ ಬಂದು ಕುಳಿತಿತು. ಎರಡಕ್ಕೂ ಹೊಂದಿಕೆಯಿರಲಿಲ್ಲವೆಂಬುದು ಅವು ಸೇರುವ ಜಾಗದಲ್ಲಿ ಪ್ರತಿ ಮಳೆಗಾಲವೂ ತಿಳಿದುಬರುತ್ತಿತ್ತು.

ನಮ್ಮ ಅಜ್ಜ ಚಾಮರಾಜನಗರದ ಕಡೆಯಿಂದ ಬಂದು ಚಹಾತೋಟವೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಸ್ವಾತಂತ್ರ್ಯಾನಂತರ ಊರು ಬಿಟ್ಟು ಹೊರಟ ಬಿಳಿಯರೊಬ್ಬರಿಂದ 1951ರಲ್ಲಿ ಈ ಮನೆಯನ್ನು ಕೊಂಡರು. ನಡುವೆ ಒಂದೇ ಗೋಡೆ. ಅದರ ಎರಡು ಮಗ್ಗುಲಿಗೆ ಎರಡು ಕೋಣೆ. ಎರಡರ ಬೆಂಕಿಗೂಡುಗಳಿಗೂ ಮೇಲೆ ಒಂದೇ ಹೊಗೆಗೂಡು. ನನ್ನ ಬಾಲ್ಯದಲ್ಲಿ ನೀಲಗಿರಿ ಮರದ ಸೀಳು, ವ್ಯಾಟಲ್ ಮರದ ಕೊರಡು ಉರಿಯುತ್ತಿದ್ದ ಆ ಗೂಡಿನ ಮುಂದೆ ನಾವು ಅಣ್ಣತಮ್ಮಂದಿರು ಮಗ್ಗಿ ಒಪ್ಪಿಸುತ್ತಿದ್ದೆವು. ತಂದೆಯವರು ಬೆನ್ನು ಬೆಂಕಿಗೆ ಕೊಟ್ಟು ಕುಳಿತು ಮೈಸೂರಿನಿಂದ ಬಂದ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ತಮಿಳಿನ ಊರಿನಲ್ಲಿದ್ದೂ ನಮ್ಮ ಮನೆಯ ಮಕ್ಕಳಿಗೆ ಕನ್ನಡದ ಅಕ್ಷರ ಕೂಡಿಬಂದಿದ್ದು ಹೆಚ್ಚಾಗಿ ಆ ಬೆಂಕಿಯ ಬೆಳಕಿನಲ್ಲಿಯೇ. ಈ ಮಾತನ್ನು ಮುಂದೆ ನಮ್ಮ ಅಣ್ಣನೂ ಹೇಳಲಿದ್ದಾನೆ. ಆದುದರಿಂದ ಇಲ್ಲಿಯೇ ಹೇಳಿದ್ದೇನೆ.

ಸಿಮೆಂಟಿನ ಉಪಕಾರ

ಸೋರಿಕೆ ಮೊದಲಾದದ್ದು ತಂದೆಯವರ ಕಾಲದಲ್ಲಿ. ಆಗಿನ ಮಟ್ಟಿಗೆ ಸಿಮೆಂಟು ಸರ್ವರೋಗಕ್ಕೂ ಮದ್ದು. 1978ರಲ್ಲಿ ಯಾರನ್ನೋ ಕರೆಸಿ, ಇಟ್ಟಿಗೆಯ ಸಂದುಗಳಿಂದ ಸಡಿಲವಾದ ಸುಣ್ಣದ ಗಾರೆಯನ್ನು ಕೆರೆದು ಹಾಕಿ, ಹೊರಮೈಗೆಲ್ಲ ಸಿಮೆಂಟು ಮೆತ್ತಿಸಿದರು. ನೋಡಲು ಭದ್ರವಾಗಿಯೇ ಇತ್ತು. ಆದರೆ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿದ್ದು ನೀರನ್ನು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಇಟ್ಟಿಗೆಗಿಂತ ಗಡಸು. ಅದರ ಕೂದಲೆಳೆಯಂತಹ ಬಿರುಕುಗಳಲ್ಲಿ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ, ಇಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ಸಮತಟ್ಟಿನ ಊರಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ರಾತ್ರಿ ಆ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ. ಬೆಳಿಗ್ಗೆ ಬಿಸಿಲಿಗೆ ಕರಗುತ್ತದೆ. ಮರುರಾತ್ರಿ ಮತ್ತೆ ಹಿಗ್ಗುತ್ತದೆ. ನಾಲ್ವತ್ತಕ್ಕೂ ಹೆಚ್ಚು ಚಳಿಗಾಲ ಹೀಗೆ ಒಳಗಿನಿಂದ ತಳ್ಳಿಸಿಕೊಂಡ ಇಟ್ಟಿಗೆಗಳು ಹಪ್ಪಳದಂತೆ ಪದರು ಬಿಡುತ್ತಿದ್ದುದು ಸಿಮೆಂಟಿನ ಹೊದಿಕೆಯ ಹಿಂದೆ ಯಾರಿಗೂ ಕಾಣಲಿಲ್ಲ. ಕಂಡದ್ದು ಕೋಣೆಯ ಗೋಡೆಯ ಮೇಲೆ ಹರಡುತ್ತಿದ್ದ ಕಂದು ಕಲೆ ಮಾತ್ರ. ಎಷ್ಟು ಸಲ ಸುಣ್ಣ ಬಳಿದರೂ ಮೂರು ತಿಂಗಳಿಗೆ ಅದು ಮರಳಿ ಬರುತ್ತಿತ್ತು. ಹಳೆಯ ಮಸಿಯಲ್ಲಿರುವ ಲವಣಗಳು ತೇವವನ್ನು ಹೀರಿ ಗೋಡೆಯೊಳಗಿಂದ ಮುಂದಕ್ಕೆ ಬರುವುದೇ ಈ ಕಲೆಯೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

2022ರ ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ನಾನು ನನ್ನ ಬುದ್ಧಿವಂತಿಕೆಯನ್ನು ಪ್ರಯೋಗಿಸಿದೆ. ಏಣಿ ಹಾಕಿಸಿ, ಹೊಗೆಗೂಡಿನ ಬಾಯಿಗೆ ಒಂದು ಕಡಪಾ ಕಲ್ಲಿನ ಚಪ್ಪಡಿಯನ್ನು ಮುಚ್ಚಿಸಿ, ಸುತ್ತ ಸಿಮೆಂಟು ಹಾಕಿಸಿಬಿಟ್ಟೆ. ಮೇಲೆ ಬಾಯಿ ಮುಚ್ಚಿದರೆ ಕೆಳಗೆ ನೀರಿಳಿಯದೆಂಬುದು ನನ್ನ ತರ್ಕ. ಆ ವರ್ಷ ಸೋರಿಕೆ ಕಡಮೆಯಾದದ್ದೂ ನಿಜ. ಬೆಂಕಿ ಹಾಕಿ ವರ್ಷಗಳೇ ಕಳೆದಿದ್ದ ಗೂಡಿನ ಸಂಗತಿಯನ್ನು ಎಂಬತ್ತು ದಾಟಿದ ತಾಯಿಯವರಿಗೆ ತಿಳಿಸಬೇಕೆಂದು ಯಾರಿಗೂ ತೋರಲಿಲ್ಲ.

2023ರ ಜನವರಿಯ ಒಂದು ರಾತ್ರಿ ವಿದ್ಯುತ್ತು ಹೋಯಿತು. ಹೀಟರು ತಣ್ಣಗಾಯಿತು. ತಾಯಿಯವರು ಯಾರನ್ನೂ ಎಬ್ಬಿಸದೆ, ಬಚ್ಚಲಮನೆಯ ಹಂಡೆಯ ಒಲೆಯಲ್ಲಿದ್ದ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ, ಮೇಲೆ ಒಂದಷ್ಟು ಇದ್ದಿಲು ಹಾಕಿ, ತಮ್ಮ ಕೋಣೆಯ ಬೆಂಕಿಗೂಡಿನೊಳಗೆ ಅದನ್ನಿಟ್ಟು, ಚಳಿ ನುಗ್ಗದಂತೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ‘ಕೆಂಡವನ್ನು ಕೋಣೆಯ ನಡುವೆ ಇಡಬಾರದು, ಗೂಡಿನಲ್ಲಿಡಬೇಕು, ಗಾಳಿ ಮೇಲಕ್ಕೆ ಹೋಗುತ್ತದೆ’ ಎಂದು ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟವರೇ ಅವರು. ಮೇಲಿನ ಬಾಯನ್ನು ಮಗ ಮುಚ್ಚಿಸಿದ್ದನೆಂಬುದು ಅವರಿಗೆ ತಿಳಿಯದು.

ಇದ್ದಿಲಿಗೆ ಹೊಗೆಯಿಲ್ಲವಾದ್ದರಿಂದ ಅಪಾಯವಿಲ್ಲವೆಂಬ ಭ್ರಮೆ ನಮ್ಮಲ್ಲಿ ಅನೇಕರಿಗುಂಟು. ಸಾಕಷ್ಟು ಗಾಳಿಯಿಲ್ಲದೆ ಬೇಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಅಂಟಿಕೊಂಡು, ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಬಳಿಕ ಮಂಪರು. ಮಲಗಿದವರಿಗೆ ಆ ಮಂಪರು ನಿದ್ರೆಯೆಂದೇ ತೋರುತ್ತದೆ. ಗಿರಿಧಾಮಗಳ ಮುಚ್ಚಿದ ಕೋಣೆಗಳಲ್ಲಿ ಕೆಂಡವಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದಿದ್ದ ವಾರ್ತೆಗಳನ್ನು ಚಳಿಗಾಲದಲ್ಲಿ ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಓದಿ ಪುಟ ಮಗುಚುತ್ತೇವೆ.

ನನ್ನ ಮಗಳು ಪರೀಕ್ಷೆಗೆ ಓದಲು ನಾಲ್ಕು ಗಂಟೆಗೆ ಎದ್ದವಳು ಅಜ್ಜಿಯ ನರಳಿಕೆ ಕೇಳಿ ಬಾಗಿಲು ತೆರೆದಳು. ತಾಯಿಯವರು ಹಾಸಿಗೆಯಂಚಿನಲ್ಲಿ ವಾಂತಿ ಮಾಡಿಕೊಂಡು, ಯಾರನ್ನೂ ಗುರುತಿಸದ ಸ್ಥಿತಿಯಲ್ಲಿದ್ದರು. ಕಿಟಕಿಗಳನ್ನು ತೆರೆದು, ಅವರನ್ನು ಅಂಗಳಕ್ಕೆ ಎತ್ತಿ ತಂದು, ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ತಿಳಿಯಾಗಿ, “ಹಂಡೆಗೆ ನೀರು ತುಂಬಿದ್ದೀರೇನೋ?” ಎಂದು ಕೇಳಿದರು. ಆ ಮಾತು ಕೇಳಿದ ಮೇಲೆಯೇ ನಾನು ಹೊರಗೆ ಹೋಗಿ ಕುಳಿತದ್ದು. ಮರುದಿನ ಮನೆಗೆ ಬಂದೊಡನೆ ಮಾಡಿಸಿದ ಮೊದಲ ಕೆಲಸವೆಂದರೆ ಆ ಚಪ್ಪಡಿಯನ್ನು ಕಿತ್ತು ಹಾಕಿಸಿದ್ದು.

ಚಪ್ಪಡಿ ಕೀಳುವಾಗ ಸಿಮೆಂಟಿನ ಹೊದಿಕೆಯೂ ಒಂದು ಕಡೆ ಕಳಚಿಬಂದು, ಒಳಗಿನ ಇಟ್ಟಿಗೆಗಳ ಅವಸ್ಥೆ ಹೊರಬಿದ್ದಿತು. ಇಳಿಸುವುದೊಂದೇ ದಾರಿಯೆಂದು ನಾನು ಹೇಳಿದೆ. ಮೈಸೂರಿನಲ್ಲಿ ನೆಲೆಸಿರುವ ಅಣ್ಣ ಒಪ್ಪಲಿಲ್ಲ. ಅಜ್ಜ ಕೊಂಡ ಮನೆ, ಅಪ್ಪ ಕುಳಿತ ಜಾಗ, ನಾವು ಅಕ್ಷರ ಕಲಿತ ಬೆಂಕಿ ಎಂದ. ನಾನೂ ಅದನ್ನೆಲ್ಲ ಅಲ್ಲಗಳೆಯಲಿಲ್ಲ. ಹೊಗೆಗೂಡನ್ನು ಸುಣ್ಣದ ಗಾರೆಯಿಂದ ಹೊಸದಾಗಿ ಕಟ್ಟಿಸಬಹುದಿತ್ತು; ಅದೂ ಒಂದು ಮಾರ್ಗವೇ. ಆದರೆ ಬೆಂಕಿಯನ್ನೇ ಹಾಕದ ಗೂಡಿಗೆ ಅಷ್ಟು ವೆಚ್ಚ ಮಾಡುವ ಶಕ್ತಿ ನನಗಿರಲಿಲ್ಲ, ಅಣ್ಣನಿಗೂ ಇರಲಿಲ್ಲ. ಫೋನಿನಲ್ಲಿ ಮಾತು ಬೆಳೆದು ಆ ಬೇಸಿಗೆ ವ್ಯರ್ಥವಾಗಿ ಕಳೆಯಿತು. ಜುಲೈ ತಿಂಗಳ ಗಾಳಿಮಳೆಯಲ್ಲಿ ಎರಡು ಇಟ್ಟಿಗೆ ಜಾರಿ, ಹಂಚು ಒಡೆದುಕೊಂಡು, ಮಕ್ಕಳ ಸೈಕಲ್ ನಿಲ್ಲಿಸುವ ಹಿತ್ತಲ ಮೂಲೆಗೆ ಬಿದ್ದವು. ಅದರ ಚಿತ್ರವನ್ನು ಅಣ್ಣನಿಗೆ ಕಳುಹಿಸಿದೆ. “ಇಳಿಸು” ಎಂಬ ಒಂದೇ ಪದದ ಉತ್ತರ ಬಂದಿತು.

ತಾಳವಾಡಿಯ ಮೇಸ್ತ್ರಿ

ಈ ಕೆಲಸಕ್ಕೆ ಸಿಕ್ಕಿದವರು ತಾಳವಾಡಿ ಕಡೆಯ ಒಬ್ಬ ವೃದ್ಧ ಮೇಸ್ತ್ರಿ. ಕನ್ನಡದವರು, ತಾಯಿಯವರನ್ನು ಮೊದಲ ದಿನದಿಂದಲೇ ‘ಅವ್ವಾ’ ಎಂದು ಕರೆದರು. ಅಕ್ಟೋಬರಿನಲ್ಲಿ ಬಂದು ನೋಡಿ, “ಈಗ ಬೇಡ ಸ್ವಾಮಿ. ಹಿಂಗಾರು ಮುಗಿಯಲಿ. ಸಂಕ್ರಾಂತಿ ಕಳೆದ ಮೇಲೆ ಹಿಡಿಯೋಣ” ಎಂದರು. ಜೂನಿನಿಂದ ಮುಂಗಾರು, ಅದು ಬಿಟ್ಟೊಡನೆ ಹಿಂಗಾರು; ಈ ಬೆಟ್ಟದಲ್ಲಿ ಮಾಡು ಬಿಚ್ಚಲು ನಂಬಬಹುದಾದ ಒಣಹವೆಯೆಂದರೆ ಜನವರಿ, ಫೆಬ್ರುವರಿ ಮಾತ್ರ. ಹೊಗೆನಾಳದಲ್ಲಿ ಗೊರವಂಕದ ಗೂಡಿದ್ದರೂ ಆಗ ಮೊಟ್ಟೆಮರಿಗಳಿರುವುದಿಲ್ಲವೆಂದು ಇನ್ನೊಂದು ಕಾರಣವನ್ನೂ ಕೊಟ್ಟರು. ಒಂದು ಬುಟ್ಟಿ ತುಂಬ ಕಡ್ಡಿಗಳು ದೊರೆತದ್ದು ನಿಜ, ಹಕ್ಕಿ ಇರಲಿಲ್ಲ.

ಚಳಿಗಾಲಕ್ಕೆ ಅದರದೇ ಕಷ್ಟಗಳುಂಟು. ಬೆಳಿಗ್ಗೆ ಹಂಚಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ, ಅದರಡಿಯಲ್ಲಿ ಹಾವಸೆ. ಕಾಲಿಟ್ಟರೆ ಜಾರುವುದು ಖಂಡಿತ. ಹತ್ತು ಗಂಟೆಗೆ ಮೊದಲು ಮೇಸ್ತ್ರಿ ಯಾರನ್ನೂ ಏಣಿ ಹತ್ತಗೊಡಿಸಲಿಲ್ಲ. ನಾಲ್ಕಕ್ಕೆ ಎಲ್ಲರನ್ನೂ ಇಳಿಸುತ್ತಿದ್ದರು. ಹಸಿಗಾರೆ ಹೆಪ್ಪುಗಟ್ಟಿದರೆ ಹಿಟ್ಟಿನಂತೆ ಉದುರುವುದರಿಂದ, ಸುಣ್ಣದ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ಮೊದಲೇ ಮುಗಿಸಿ, ಸಂಜೆ ಅದರ ಮೇಲೆ ಒಣಹುಲ್ಲು, ಗೋಣಿತಾಟು ಹೊದಿಸಿ ಮಗುವನ್ನು ಮಲಗಿಸಿದಂತೆ ಮಲಗಿಸಿ ಹೋಗುತ್ತಿದ್ದರು. ಇಂಗ್ಲೆಂಡಿನ ಗಾರೆಯವರೂ ಐದು ಡಿಗ್ರಿಗಿಂತ ಕೆಳಗೆ ಸುಣ್ಣದ ಕೆಲಸ ಹಿಡಿಯುವುದಿಲ್ಲವೆಂದು ನಾನು ಎಲ್ಲಿಯೋ ಓದಿದುದನ್ನು ಹೇಳಿದಾಗ, “ಅವರಿಗೂ ಕೈ ಕೊರೆಯುತ್ತದಲ್ಲವೇ?” ಎಂದು ನಕ್ಕರು.

ಮೊದಲ ಎರಡು ದಿನ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಸಾರುವೆ ಕಟ್ಟಿದರು, ಮಾಡಿನ ಮೇಲೆ ಹಲಗೆಯ ಏಣಿಯನ್ನು ನೆತ್ತಿಗೆ ಸಿಕ್ಕಿಸಿದರು, ಎರಡೂ ಕೋಣೆಯ ಬೆಂಕಿಗೂಡುಗಳ ಬಾಯಿಗೆ ಒದ್ದೆ ಗೋಣಿಚೀಲ ತುರುಕಿ, ಹಾಸಿಗೆ ಬಟ್ಟೆಗಳನ್ನು ಹೊರಗೆ ಸಾಗಿಸಿದರು. ಬಳಿಕ ಅಟ್ಟಕ್ಕೆ ಹತ್ತಿ, ಹೊಗೆಗೂಡಿನ ಸುತ್ತಲಿನ ಮರಮುಟ್ಟನ್ನು ಟಾರ್ಚು ಹಿಡಿದು ಒಂದೊಂದಾಗಿ ತಟ್ಟಿ ನೋಡಿದರು. ಇದೇ ಮುಖ್ಯವಾದ ಸಂಗತಿ. ಕೆಲವು ಮನೆಗಳಲ್ಲಿ ಮಾಡಿನ ತೊಲೆಯನ್ನು ಹೊಗೆಗೂಡಿನ ಮೇಲೆಯೇ ಊರಿರುತ್ತಾರೆ. ಅದನ್ನರಿಯದೆ ಇಟ್ಟಿಗೆ ತೆಗೆದರೆ ಮಾಡೇ ಕುಳಿತುಬಿಡುತ್ತದೆ. ನಮ್ಮ ಮನೆಯಲ್ಲಿ ತೊಲೆ ಬೇರೆಯಾಗಿತ್ತು. ಎರಡು ಜಂತಿಗಳು ಮಾತ್ರ ಹೊಗೆಗೂಡಿಗೆ ದಾರಿ ಬಿಟ್ಟು ತುಂಡಾಗಿ, ಅಡ್ಡಮರವೊಂದರ ಮೇಲೆ ನಿಂತಿದ್ದವು. ಆ ಅಡ್ಡಮರದ ತುದಿ ಸೋರಿಕೆಗೆ ಮೆತ್ತಗಾಗಿ, ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು.

ಮೂರನೆಯ ದಿನ ಮೇಲಿನಿಂದ ಆರಂಭ. ಹೊಗೆಗೂಡನ್ನು ಯಾವ ಕಾರಣಕ್ಕೂ ತಳ್ಳಿ ಕೆಡಹಕೂಡದು. ಕೆಳಗಿನಿಂದ ತೆಗೆಯುತ್ತ ಹೋಗಲೂ ಕೂಡದು. ಕೋಣೆ ಅಗಲವಾಗಲೆಂದು ಕೆಳಗಿನ ಗೂಡನ್ನು ಒಡೆದು, ಮೇಲಿನ ಭಾರವನ್ನು ಅಂತರದಲ್ಲಿ ಬಿಟ್ಟವರು ಮನೆಯವರ ತಲೆಯ ಮೇಲೆ ಬಂಡೆಯನ್ನು ತೂಗುಹಾಕಿದಂತೆಯೇ. ಉಳಿಯಿಂದ ಒಂದೊಂದು ಇಟ್ಟಿಗೆಯನ್ನೂ ಸಡಿಲಿಸಿ, ಬುಟ್ಟಿಗೆ ಹಾಕಿ, ಹಗ್ಗದಿಂದ ಕೆಳಗಿಳಿಸಿದರು. ಹೊಗೆನಾಳದೊಳಕ್ಕೆ ಬಿಡುವುದು ಸುಲಭವೆಂದು ಹುಡುಗನೊಬ್ಬ ಸೂಚಿಸಿ ಬೈಸಿಕೊಂಡ. ಮಾಡಿನ ಮೇಲೆ ಆರಡಿ, ಅಟ್ಟದಲ್ಲಿ ನಾಲ್ಕೂವರೆ ಅಡಿ. ಎಣಿಸಿದಾಗ ಎಲ್ಲ ಸೇರಿ ಏಳುನೂರು ಇಟ್ಟಿಗೆಗಳಿಗೆ ಮಿಕ್ಕಿದ್ದವು. ಒಂದಕ್ಕೆ ಮೂರು ಕಿಲೋ ಎಂದರೂ ಎರಡು ಟನ್ನಿಗಿಂತ ಹೆಚ್ಚು ಭಾರ ನಮ್ಮ ತಲೆಯ ಮೇಲೆ ಇಷ್ಟು ವರ್ಷ ಇದ್ದಿತು. ಒಳಮೈಯ ಮಸಿ ಡಾಂಬರಿನಂತೆ ಜಿಡ್ಡಾಗಿ, ಬೆರಳುದ್ದ ದಪ್ಪಕ್ಕೆ ಕಟ್ಟಿಕೊಂಡಿದ್ದುದನ್ನು ನೋಡಿದಾಗ, ಇದಕ್ಕೆ ಎಂದಾದರೂ ಕಿಡಿ ತಗುಲಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಯಿತು.

ಅಟ್ಟದ ನೆಲದಿಂದ ಒಂದಡಿ ಮೇಲಕ್ಕೆ ಕೆಲಸವನ್ನು ನಿಲ್ಲಿಸಿದರು. ಅದರ ಕೆಳಗಿನ ಗೂಡು ಗೋಡೆಯೊಡನೆ ಒಂದಾಗಿ ಬೆಳೆದದ್ದು; ಅದನ್ನು ಕಿತ್ತರೆ ಗೋಡೆಯ ಬಲವೇ ಹೋಗುತ್ತಿತ್ತು. ನಾಳವನ್ನು ಕಡ್ಡಿಪೊರಕೆಯಿಂದ ಚೆನ್ನಾಗಿ ಗುಡಿಸಿದರು. ಇನ್ನು ಬಾಯಿಯನ್ನು ಪೂರ್ತಿ ಮುಚ್ಚಿಬಿಡಿ ಎಂದೆ. ಮೇಸ್ತ್ರಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಒಂದು ಸಲ ಮುಚ್ಚಿ ಆಯಿತಲ್ಲ ಸ್ವಾಮಿ” ಎಂದರು. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆಯಿಟ್ಟು, ಅದರ ಮೇಲೆ ಚಪ್ಪಡಿಯನ್ನಿರಿಸಿ, ಸುತ್ತಲೂ ಗಾಳಿಯಾಡುವಂತೆ ಬಿಟ್ಟರು. ಕೆಳಗೆ ಬೆಂಕಿಗೂಡಿನ ಬಾಯಿಗೆ ಕಂಡಿಗಳಿರುವ ಹಲಗೆ. ಕೆಳಗಿನ ಕಂಡಿಯಿಂದ ಹೊಕ್ಕ ಗಾಳಿ ನಾಳದಲ್ಲೇರಿ ಅಟ್ಟಕ್ಕೆ ಬಂದು, ಹಂಚಿನ ಸಂದುಗಳಿಂದ ಹೊರಟುಹೋಗುತ್ತದೆ. ಗೋಡೆಯೊಳಗಿನ ತೇವ ಆರುತ್ತದೆ. ಎರಡು ಕಡೆಯೂ ಬಿಗಿದುಬಿಟ್ಟರೆ ತೇವ ಒಳಗೇ ಕುಳಿತು ಗೋಡೆಯನ್ನು ತಿನ್ನುತ್ತದೆ. ಕಾಸರಗೋಡಿನ ಅಟ್ಟದ ಉಪಾಯವೇ ಕೊನೆಗೆ ಆಂಗ್ಲರ ಗೂಡಿಗೂ ಒದಗಿಬಂದಿತೆಂದು ನನಗೆ ತೋರಿತು. ಆದರೆ ಇನ್ನೊಂದು ಎಚ್ಚರವನ್ನು ಇಲ್ಲಿಯೇ ಹೇಳಬೇಕು. ಹೀಗೆ ಅಟ್ಟದಲ್ಲಿ ಬಾಯಿ ಬಿಟ್ಟ ಗೂಡಿನಲ್ಲಿ ಮುಂದೆಂದೂ ಒಂದು ಕೆಂಡವನ್ನೂ ಇಡಕೂಡದು. ಆದುದರಿಂದಲೇ ಹಲಗೆಯನ್ನು ತೆಗೆದು ಹಾಕುವಂತೆ ಮಾಡದೆ ತಿರುಪುಗಳಿಂದ ಗೋಡೆಗೇ ಕಚ್ಚಿಸಿದರು.

ಒಂದೇ ಅಚ್ಚಿನ ಹಂಚು

ಮಾಡಿನಲ್ಲಿ ಉಳಿದ ತೂತು ಸುಮಾರು ಹತ್ತು ಚದರಡಿ. ಕೊಳೆತ ಅಡ್ಡಮರವನ್ನು ತೆಗೆದು, ತುಂಡು ಜಂತಿಗಳ ಮಗ್ಗುಲಿಗೆ ಹೊಸ ಜಂತಿಗಳನ್ನು ಪೂರ್ತಿಯುದ್ದಕ್ಕೆ ಕೊಟ್ಟು, ರೀಪು ಹೊಡೆದದ್ದು ಒಂದೂವರೆ ದಿನದ ಕೆಲಸ. ಹಂಚಿನದು ಹಾಗಲ್ಲ. ಮಂಗಳೂರು ಹಂಚುಗಳೆಲ್ಲ ಒಂದೇ ಎಂದು ತಿಳಿದಿದ್ದ ನಾನು ಪೇಟೆಯಿಂದ ಐವತ್ತು ಹಂಚು ತರಿಸಿದ್ದೆ. ಒಂದೂ ಕೂರಲಿಲ್ಲ. ಕಾರ್ಖಾನೆಗೊಂದು ಅಚ್ಚು, ಗಾಡಿಯ ಆಳ ಒಂದು ಕೂದಲಷ್ಟು ಬೇರೆಯಾದರೂ ಹಂಚು ಎದ್ದು ನಿಲ್ಲುತ್ತದೆ, ಎದ್ದ ಸಂದಿನಲ್ಲಿ ಗಾಳಿಮಳೆ ನುಗ್ಗುತ್ತದೆ. ನಮ್ಮ ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕೆಯೂ ಅಚ್ಚಾಗಿದ್ದವು. ನಮ್ಮ ಮಾಡು 1865ರದೆಂದು ತಂದೆಯವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದುದುಂಟು! ಅದು ಕಾರ್ಖಾನೆ ಆರಂಭವಾದ ವರ್ಷ; ಹಂಚು ಬೆಂದ ವರ್ಷವಲ್ಲ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುದರಿಂದ, ನಮ್ಮ ಹಂಚು ಅದಕ್ಕಿಂತ ಹಿಂದಿನದೆಂದು ಮಾತ್ರ ಊಹಿಸಬಹುದು.

ಅದೇ ಅಚ್ಚಿನ ಹಂಚಿಗಾಗಿ ಮೂರು ದಿನ ಅಲೆದೆ. ಅಷ್ಟು ದಿನವೂ ತೂತಿನ ಮೇಲೆ ಟಾರ್ಪಾಲು. ರಾತ್ರಿ ಅದು ಗಾಳಿಗೆ ಬಡಿದುಕೊಳ್ಳುವ ಸದ್ದಿಗೆ ಯಾರಿಗೂ ನಿದ್ರೆಯಿಲ್ಲ. ಕೊನೆಗೆ ಕೂನೂರಿನ ಕಡೆ ಕೆಡವುತ್ತಿದ್ದ ಗೋದಾಮೊಂದರಲ್ಲಿ ರಾಶಿ ಹಾಕಿದ್ದ ಹಳೆಯ ಹಂಚುಗಳ ನಡುವೆ ಅದೇ ಅಚ್ಚು, ಅದೇ ಅಂಕೆ ಕಾಣಿಸಿತು. ಬೆರಳಗೆಣ್ಣಿನಿಂದ ತಟ್ಟಿ, ಕಂಚಿನಂತೆ ದನಿ ಕೊಟ್ಟವುಗಳನ್ನು ಮಾತ್ರ ಆರಿಸಿ ನಲ್ವತ್ತನ್ನು ತಂದೆ. ಬಿರುಕುಬಿಟ್ಟ ಹಂಚು ತಟ್ಟಿದರೆ ಗೊಗ್ಗರು ದನಿ ಬರುತ್ತದೆ. ಕೆಳಸಾಲಿನಿಂದ ಮೇಲಕ್ಕೆ, ಒಂದರ ಗಾಡಿಯಲ್ಲಿ ಇನ್ನೊಂದರ ಅಂಚು ಕುಳಿತು ಟಕ್ಕೆಂದಾಗ ಮೇಸ್ತ್ರಿ ಏನೂ ಹೇಳದೆ ಕೆಳಗೆ ನಿಂತಿದ್ದ ನನ್ನ ಕಡೆ ನೋಡಿದರು. ಸ್ಲೇಟಿನಂತೆ ಇದಕ್ಕೆ ಮೊಳೆಯಿಲ್ಲ, ಪಟ್ಟಿಯಿಲ್ಲ. ತನ್ನ ತೂಕದಿಂದಲೂ ನೆರೆಯವರ ಹಿಡಿತದಿಂದಲೂ ನಿಲ್ಲುತ್ತದೆ.

ಒಂದು ಹಂಚಿನ ಜಾಗಕ್ಕೆ ಗಾಜಿನ ಹಂಚನ್ನೂ ಹಾಕಿ, ಅದರ ನೇರಕ್ಕೆ ಕೋಣೆಯ ಮುಚ್ಚಿಗೆಯಲ್ಲಿ ಒಂದು ಹಲಗೆ ತೆಗೆಯುವಂತೆ ಹೇಳಿದ್ದು ನನ್ನ ಮಡದಿ. ತಾಯಿಯವರು ಆ ದಿನಗಳಲ್ಲಿ ಹೆಚ್ಚು ಮಾತನಾಡಲಿಲ್ಲ. ಅಂಗಳದಲ್ಲಿ ಬಿಸಿಲಿಗೆ ಕುಳಿತು, ಇಳಿದುಬರುತ್ತಿದ್ದ ಬುಟ್ಟಿಗಳನ್ನು ನೋಡುತ್ತಿದ್ದರು. ಕೊನೆಯ ದಿನ ಮೇಸ್ತ್ರಿಯನ್ನು ಕರೆದು, “ಈ ಇಟ್ಟಿಗೆಯಿಂದ ತುಳಸಿಗೆ ಒಂದು ಕಟ್ಟೆ ಕಟ್ಟಿಕೊಡಪ್ಪ” ಎಂದರು. ಮಸಿ ಹೀರಿದ ಇಟ್ಟಿಗೆಯನ್ನು ಮನೆಯೊಳಗಿನ ಗೋಡೆಗೆ ಹಾಕಿದರೆ ಕಲೆ ಮತ್ತೆ ಮೇಲೆ ಬರುತ್ತದೆ, ಹೊರಗಿನ ಕಟ್ಟೆಗಾದರೆ ಚಿಂತೆಯಿಲ್ಲವೆಂದು ಮೇಸ್ತ್ರಿ, ಗಟ್ಟಿಯಾದ ಎಂಬತ್ತನ್ನು ಆರಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದರು. ಸಿಮೆಂಟು ಬೇಡವೆಂದು ಈ ಸಲ ಹೇಳಿದವನು ನಾನು. ಅಗ್ಗಿಷ್ಟಿಕೆಯನ್ನು ಅಣ್ಣ ಮೈಸೂರಿಗೆ ಒಯ್ದಿದ್ದಾನೆ. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಈಗ ತಾಯಿಯವರ ಕಾಲಬಳಿ ಬಿಸಿನೀರಿನ ರಬ್ಬರು ಚೀಲವಿರುತ್ತದೆ. ಅದು ಬೆಂಕಿಯಷ್ಟು ಹಿತವಲ್ಲವೆಂದು ಅವರು ಪ್ರತಿ ಸಲವೂ ಹೇಳುತ್ತಾರೆ. ನಾವು ಪ್ರತಿ ಸಲವೂ ಹೌದೆನ್ನುತ್ತೇವೆ.

ಆ ವರ್ಷದ ಬೇಸಿಗೆ ದೀರ್ಘವಾಗಿತ್ತು. ಮೇ ತಿಂಗಳ ನಡುವೆ ಮಳೆ ಒಮ್ಮೆಲೇ ಸುರಿದ ರಾತ್ರಿ ನಾನು ಟಾರ್ಚು ಹಿಡಿದು ಅಟ್ಟಕ್ಕೆ ಹತ್ತಿದೆ. ಹೊಸ ಜಂತಿಗಳ ಜಾಗ ಒಣಗಿಯೇ ಇತ್ತು. ಗಾಜಿನ ಹಂಚಿನ ಮೇಲೆ ನೀರು ಹರಿಯುವುದು ಮಿಂಚಿನ ಬೆಳಕಿನಲ್ಲಿ ಕಾಣುತ್ತಿತ್ತು. ಹನಿ ಬೀಳುತ್ತಿದ್ದುದು ಅಲ್ಲಿಂದ ಆರಡಿ ಆಚೆ, ಎರಡು ಮಾಡುಗಳು ಕೂಡುವ ಮೂಲೆಯ ತಗಡಿನಿಂದ. ಒಂದು ಪಾತ್ರೆಯನ್ನು ಅಡಿಯಲ್ಲಿಟ್ಟು ಇಳಿದು ಬಂದು, ಮರುದಿನ ತಾಳವಾಡಿಗೆ ಫೋನು ಮಾಡಿದೆ. ಊರಹಬ್ಬ ಮುಗಿಸಿಕೊಂಡು ಬರುತ್ತೇನೆ, ಅಲ್ಲಿಯ ತನಕ ಅದಕ್ಕೆ ಸಿಮೆಂಟು ಹಾಕಬೇಡಿ ಎಂದರು ಮೇಸ್ತ್ರಿ.